ನಾಳೆ ಮುಂಜಾನೆ ಬರ್ತೀನ್ರೀ

ಗದಗ-ಬೆಟಗೇರಿಯಲ್ಲಿ ಗೌಂಡಿ ‘ನಾಳೆ ಮುಂಜಾನೆ ಬರ್ತೀನ್ರೀ’ ಅಂದರೆ ಮನೆಯವರು ಚಹಾ ಕಾಸಿಕೊಂಡು ಕಾಯುತ್ತಾರೆ. ಆತ ಅಷ್ಟೊತ್ತಿಗೆ ಲಕ್ಷ್ಮೇಶ್ವರದಲ್ಲಿ ಇನ್ನೊಬ್ಬರ ಚಹಾ ಕುಡಿಯುತ್ತಿರುತ್ತಾನೆ.

ತಪ್ಪೆಲ್ಲ ಅವನದೇ ಅಲ್ಲ. ಸಿಮೆಂಟಿಗೂ ಅದರದೇ ಪಂಚಾಂಗವಿದೆ. ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ ಸಾದಾ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ, ಪೊಝೊಲಾನ ಸಿಮೆಂಟಾದರೆ 10 ದಿನ ನೀರುಣಿಸಬೇಕು. ಹರವು ನಾಲ್ಕೂವರೆ ಮೀಟರ್ ದಾಟಿದ ಸ್ಲ್ಯಾಬಿನ ಆಸರೆಗಂಬಗಳನ್ನು 14 ದಿನ ಮುಟ್ಟುವಂತಿಲ್ಲ. ಇನ್ನು ನೀರಿನ ಮಾತು: ತುಂಗಭದ್ರೆ ಮುಂಡರಗಿ ತಾಲ್ಲೂಕಿನ ಹಮ್ಮಿಗಿಯಲ್ಲಿ ನಿಂತಿದ್ದರೂ ಅವಳಿ ನಗರದ ನಳಕ್ಕೆ ದಿನಾ ಬರುವ ಅಭ್ಯಾಸವಿಲ್ಲ. ಟ್ಯಾಂಕರ್ ನೀರಿನ ಖರ್ಚು ಗುತ್ತಿಗೆದಾರನ ಅಂದಾಜಿನಲ್ಲಿ ಕಾಣುವುದು ಅಪರೂಪ.

ಇದರ ಮೇಲೆ ಗದುಗಿನ ತೋಂಟದಾರ್ಯ ಜಾತ್ರೆ, ಶಿರಹಟ್ಟಿಯ ಫಕೀರೇಶ್ವರ ಜಾತ್ರೆ. ತೇರೆಳೆಯುವ ಹೊತ್ತಿಗೆ ಗಿಲಾವು ಬಳಿಯಲು ಯಾರು ಕೂತಾರು?

ಹೀಗಾಗಿ ಜಾಣ ಯಜಮಾನಿ ಮುಂಗಡ ಕೊಡುವಾಗಲೇ ನೋಟ್‌ಬುಕ್ಕಿನಲ್ಲಿ ಬರೆಸುತ್ತಾಳೆ: ಉಸುಕು ಯಾರದು, ನೀರು ಯಾರದು, ಒಡೆದ ಇಟ್ಟಂಗಿಯ ರಾಶಿ ಎತ್ತುವವರಾರು, ಯಾವ ಹಂತಕ್ಕೆ ಎಷ್ಟು ರೊಕ್ಕ.

‘ಅಕ್ಕಾರ, ನನ್ನ ಮ್ಯಾಲೆ ನಂಬಿಕಿ ಇಲ್ಲೇನ್ರೀ?’

‘ಐತಪಾ. ಅದು ಗಟ್ಟಿ ಉಳೀಲಿ ಅಂತನ ಕೊನೀ ಕಂತು ನನ್ನ ಕಡೆ ಇಟಗೊಂಡೇನಿ.’