ಸೂರಿಲ್ಲದ ಬಚ್ಚಲು

ಊರಿನಲ್ಲಿ ಕಳೆದುಕೊಂಡ ನೆಮ್ಮದಿಯನ್ನು ಕಾಡಿನಲ್ಲಿ ದಿನಬಾಡಿಗೆಯ ಮೇಲೆ ಒದಗಿಸುವ ಕಟ್ಟಡಗಳಿಗೆ ವೆಲ್‌ನೆಸ್ ರಿಟ್ರೀಟ್ ಎಂದು ಹೆಸರು. ಮಲೆನಾಡಿನಲ್ಲಿ ಇದಕ್ಕೆ ಬೇಕಾಗುವ ಸಾಮಗ್ರಿ ಹೆಚ್ಚಿಲ್ಲ: ಪಿತ್ರಾರ್ಜಿತವಾಗಿ ಬಂದ ನಾಲ್ಕೆಕರೆ ಅಡಕೆ ತೋಟ, ಅದರ ಬೆನ್ನಿಗೆ ಸೊಪ್ಪಿನಬೆಟ್ಟ, ಮಾರ್ಚಿಗೆ ಬತ್ತುವ ಒಂದು ಹಳ್ಳ, ಬ್ಯಾಂಕಿನ ಸಾಲ, ಮತ್ತು ಬೆಂಗಳೂರಿನ ಕೆಲಸ ಬಿಟ್ಟೋ ಬಿಡಿಸಿಕೊಂಡೋ ಊರಿಗೆ ಮರಳಿದ ಒಬ್ಬ ಯಜಮಾನ. ಯಜಮಾನನ ತಂದೆ ಜಗಲಿಯಲ್ಲಿ ಕೂತು ಕವಳ ಹಾಕುತ್ತ, ‘ದುಡ್ಡು ಕೊಟ್ಟು ಇಲ್ಲಿಗ್ಯಾರು ಬರ್ತಾರೋ ಮಾರಾಯ?’ ಎಂದು ಕೇಳುವುದು ವಾಡಿಕೆ. ಈ ಪ್ರಶ್ನೆಯನ್ನು ಬ್ಯಾಂಕಿಗೆ ಕೊಡುವ ಯೋಜನಾ ವರದಿಯಲ್ಲಿ ಸೇರಿಸುವ ಪದ್ಧತಿಯಿಲ್ಲ.

ಶಾಸ್ತ್ರದ ಮೂಲ ಮಾತ್ರ ಮಲೆನಾಡಿನದಲ್ಲ. ಬವೇರಿಯಾದ ಬಾಡ್ ವೋರಿಸ್‌ಹೋಫೆನ್ ಎಂಬ ಊರಿನ ಪಾದ್ರಿ ಸೆಬಾಸ್ಟಿಯನ್ ಕ್ನೈಪ್ 19ನೇ ಶತಮಾನದ ಕೊನೆಯಲ್ಲಿ ರೋಗಿಗಳನ್ನು ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆಸಿ, ಮೈಮೇಲೆ ತಣ್ಣೀರು ಹುಯ್ದು ಹೆಸರಾದ. 1896ರಲ್ಲಿ ಆಡಾಲ್ಫ್ ಯುಸ್ಟ್ ಎಂಬಾತ ಜರ್ಮನಿಯ ಹಾರ್ಟ್ಸ್ ಬೆಟ್ಟಗಳಲ್ಲಿ ಯುಂಗ್‌ಬೋರ್ನ್ ಎಂಬ ಆರೋಗ್ಯಧಾಮ ತೆರೆದು, ಗಾಳಿ ಬೆಳಕು ಆಡುವ ಮರದ ಗುಡಿಸಲುಗಳಲ್ಲಿ ಜನರನ್ನು ಇಟ್ಟ. ಅವನ ಪುಸ್ತಕ ಓದಿ ಗಾಂಧೀಜಿ ಹೊಟ್ಟೆಗೆ ಮಣ್ಣಿನ ಪಟ್ಟಿ ಕಟ್ಟಿಕೊಳ್ಳತೊಡಗಿದರು. 1946ರಲ್ಲಿ ಪುಣೆ ಹತ್ತಿರದ ಉರುಳಿ ಕಾಂಚನದಲ್ಲಿ ಪ್ರಕೃತಿ ಚಿಕಿತ್ಸೆಯ ಕೇಂದ್ರವನ್ನೇ ಆರಂಭಿಸಿದರು. 1982ರಲ್ಲಿ ಜಪಾನಿನ ಅರಣ್ಯ ಇಲಾಖೆ ಕಾಡಿನಲ್ಲಿ ಸುಮ್ಮನೆ ಅಡ್ಡಾಡುವುದಕ್ಕೆ ‘ಶಿನ್‌ರಿನ್ ಯೋಕು’ ಎಂದು ಹೆಸರಿಟ್ಟು, ಅದನ್ನೂ ಸ್ನಾನದ ಲೆಕ್ಕಕ್ಕೆ ಸೇರಿಸಿತು. 1984ರಲ್ಲಿ ರೋಜರ್ ಅಲ್ರಿಚ್ ಎಂಬ ಸಂಶೋಧಕ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದ. ಪಿತ್ತಕೋಶದ ಶಸ್ತ್ರಚಿಕಿತ್ಸೆ ಆದವರಲ್ಲಿ ಕಿಟಕಿಯಾಚೆ ಮರ ಕಾಣುತ್ತಿದ್ದವರು, ಇಟ್ಟಿಗೆ ಗೋಡೆ ನೋಡುತ್ತ ಮಲಗಿದವರಿಗಿಂತ ಬೇಗ ಮನೆಗೆ ಹೋದರು ಎಂಬುದು ಅದರ ಸಾರ. ಇದೆಲ್ಲ ನಿಜ, ಇದನ್ನೆಲ್ಲ ಯಜಮಾನ ಓದಿಯೂ ಇರುತ್ತಾನೆ. ಬವೇರಿಯಾದ ಹುಲ್ಲಿನಲ್ಲಿ ರಕ್ತ ಹೀರುವ ಉಂಬಳ ಇದ್ದಿದ್ದರೆ ಕ್ನೈಪನ ಶಾಸ್ತ್ರ ಯಾವ ದಾರಿ ಹಿಡಿಯುತ್ತಿತ್ತೋ, ಆ ಬಗ್ಗೆ ಮಾತ್ರ ಓದಿರುವುದಿಲ್ಲ.

ಜಾಗದ ಆಯ್ಕೆ ಮೊದಲ ಹಂತ. ಕೃಷಿಭೂಮಿಯಲ್ಲಿ ಇಂಥದ್ದನ್ನು ಕಟ್ಟಬೇಕಾದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಅನ್ಯಕ್ರಾಂತ ಮಾಡಿಸಬೇಕು. ಸೊಪ್ಪಿನಬೆಟ್ಟದ ಮೇಲೆ ತೋಟಿಗನಿಗೆ ಇರುವುದು ಸೊಪ್ಪು, ದರಗು ತರುವ ಹಕ್ಕು ಮಾತ್ರ. ಅದು ಅವನ ಸ್ವಂತ ಭೂಮಿಯಲ್ಲ, ಅಲ್ಲಿ ಮನೆ ಎಬ್ಬಿಸುವಂತಿಲ್ಲ. ಬೆಂಗಳೂರಿನಿಂದ ಬಂದ ಆರ್ಕಿಟೆಕ್ಟ್ ಯೋಗಮಂಟಪಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕುವುದು ಸರಿಯಾಗಿ ಅಲ್ಲೇ. ಅಲ್ಲಿ ಆಗದು ಎಂದರೆ ಗುಡ್ಡದ ಬುಡಕ್ಕೆ ಜೆಸಿಬಿ ಹಚ್ಚಿ ಜಾಗ ಸಪಾಟು ಮಾಡೋಣ ಎನ್ನುತ್ತಾರೆ. ಮಲೆನಾಡಿನ ಗುಡ್ಡದ ಬುಡ ಕಡಿದರೆ ಏನಾಗುತ್ತದೆ ಎಂದು ತಿಳಿಯಲು ಪ್ರಯೋಗ ಬೇಕಿಲ್ಲ. 2018ರ ಆಗಸ್ಟಿನಲ್ಲಿ ಕೊಡಗು ಗುಡ್ಡಕುಸಿತವನ್ನು ಸಾಕಷ್ಟು ನೋಡಿದೆ. ಇಲ್ಲಿ ಯಜಮಾನನ ತಂದೆ ಕವಳ ಉಗುಳಿ ಬಂದು ‘ಅದೊಂದು ಬೇಡ’ ಎನ್ನುತ್ತಾರೆ. ಇಡೀ ಯೋಜನೆಯಲ್ಲಿ ಅವರ ಮಾತು ನಡೆಯುವುದು ಇಲ್ಲೊಂದೇ ಕಡೆ.

ಗೋಡೆಯ ವಿಷಯ ಬೇಗ ಮುಗಿಯುತ್ತದೆ. ನಕ್ಷೆಯಲ್ಲಿ ‘ಉಸಿರಾಡುವ’ ಮಣ್ಣಿನ ಗೋಡೆ ಇರುತ್ತದೆ. ಜೂನಿನಲ್ಲಿ ಇರುಚಲು ಹೊಡೆದು ಗೋಡೆ ಉಸಿರಾಡುವುದರ ಜೊತೆಗೆ ಕರಗಲೂ ತೊಡಗಿದಾಗ ಜಂಬಿಟ್ಟಿಗೆ ತರಿಸಲಾಗುತ್ತದೆ. ಕರಾವಳಿಯವರು ಮುರಕಲ್ಲು ಎನ್ನುವ ಈ ಕೆಂಪುಕಲ್ಲು ಹೊಸದಾಗಿ ಕಡಿದಾಗ ಮೆತ್ತಗಿದ್ದು, ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತದೆ. ಪಕ್ಕದ ಹಳೆಯ ಮನೆಯೂ ಅದರಲ್ಲೇ ಕಟ್ಟಿದ್ದು ಎಂಬುದನ್ನು ಆರ್ಕಿಟೆಕ್ಟ್ ಆಗ ಗಮನಿಸಿ ಫೋಟೊ ತೆಗೆದುಕೊಳ್ಳುತ್ತಾರೆ.

ಇನ್ನು ಬಚ್ಚಲು. ವಿನ್ಯಾಸದ ಮುಖ್ಯ ಆಕರ್ಷಣೆ ಇದೇ ಆದ್ದರಿಂದ ವಿವರವಾಗಿ ನೋಡಬೇಕು. ಮೂರು ಕಡೆ ಎದೆಮಟ್ಟದ ಕಲ್ಲುಗೋಡೆ, ನಾಲ್ಕನೆಯ ಕಡೆ ತೋಟ, ಮೇಲೆ ಆಕಾಶ: ಇದಕ್ಕೆ ತೆರೆದ ಬಚ್ಚಲು ಎನ್ನುತ್ತಾರೆ. ಮಾದರಿ ಬಾಲಿ ದ್ವೀಪದ್ದು. ಬಾಲಿಯಲ್ಲಿ ಮಳೆ ಬಂದು ಹೋಗುತ್ತದೆ. ಆಗುಂಬೆಯ ಸುತ್ತಮುತ್ತ ಬಂದದ್ದು ಹೋಗುವುದಿಲ್ಲ. ಬೆಂಗಳೂರಿಗೆ ವರ್ಷವಿಡೀ ಬೀಳುವುದು 1,000 ಮಿಲಿಮೀಟರಿನ ಆಸುಪಾಸು, ಆಗುಂಬೆಯ ಸರಾಸರಿ 7,000 ದಾಟುತ್ತದೆ, ಅದರಲ್ಲಿ ಬಹುಪಾಲು ಮಳೆಗಾಲದ ನಾಲ್ಕೇ ತಿಂಗಳಲ್ಲಿ. ಈ ಅಂಕಿಗಳು ಆರ್ಕಿಟೆಕ್ಟರಿಗೂ ಗೊತ್ತು. ‘ಅದೇ ಬ್ಯೂಟಿ ಸರ್’ ಎನ್ನುತ್ತಾರೆ.

ಜುಲೈ ತಿಂಗಳ ಒಂದು ಬೆಳಗ್ಗೆ ಅತಿಥಿ ಹೆಗಲಿಗೆ ಟವೆಲ್ಲು ಹಾಕಿಕೊಂಡು ಬಚ್ಚಲಿಗೆ ಇಳಿಯುತ್ತಾನೆ. ಸೋಲಾರಿನಲ್ಲಿ ಬಿಸಿನೀರಿಲ್ಲ, ಸೂರ್ಯ ಕಂಡು ಮೂರು ವಾರವಾಗಿದೆ. ಆದ್ದರಿಂದ ಹಳೆಮನೆಯ ಹಂಡೆಯಿಂದ ಕುದಿನೀರನ್ನು ಬಕೆಟ್ಟಿನಲ್ಲಿ ತಂದಿಡಲಾಗುತ್ತದೆ. ಬಕೆಟ್ಟಿನ ಮೇಲೂ ಆಕಾಶವೇ. ಮೊದಲ ಚೊಂಬಿಗೆ ನೀರು ಹದವಾಗಿರುತ್ತದೆ, ಮೂರನೆಯದಕ್ಕೆ ಉಗುರುಬೆಚ್ಚಗೆ, ಆರನೆಯದಕ್ಕೆ ಹಳ್ಳದ ನೀರಿಗೂ ಇದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಆದರೆ ಎಷ್ಟು ಮಿಂದರೂ ಬಕೆಟ್ಟು ಖಾಲಿಯಾಗುವುದಿಲ್ಲ. ದ್ರೌಪದಿಯ ಅಕ್ಷಯಪಾತ್ರೆಯಂತೆ ಮತ್ತೆ ಮತ್ತೆ ಕಂಠಮಟ್ಟ ತುಂಬಿಕೊಳ್ಳುತ್ತದೆ. ಸ್ನಾನ ಯಾವಾಗ ಮುಗಿಯಿತು ಎಂದು ತಿಳಿಯುವ ಉಪಾಯವೇ ಇಲ್ಲದೆ ಅತಿಥಿ ನಿಂತಿರುತ್ತಾನೆ. ಸೋಪು ನಿಲ್ಲುವುದಿಲ್ಲ, ಮೈಗೆ ಹಚ್ಚುತ್ತಿದ್ದಂತೆಯೇ ತೊಳೆದುಹೋಗುತ್ತದೆ. ಟವೆಲ್ಲನ್ನು ಒಣಗಿದ್ದು ಎಂದು ಕರೆಯಲು ಆಧಾರವಿಲ್ಲ.

ಮಾರನೆಯ ದಿನ ಅವನು ಕೊಡೆ ತರುತ್ತಾನೆ. ಎಡಗೈಯಲ್ಲಿ ಕೊಡೆ, ಬಲಗೈಯಲ್ಲಿ ಚೊಂಬು. ಸೋಪಿಗೆ ಮೂರನೆಯ ಕೈ ಬೇಕು. ಕೊಡೆಯ ಕೋಲನ್ನು ಕತ್ತು, ಭುಜದ ನಡುವೆ ಸಿಕ್ಕಿಸಿಕೊಂಡರೆ ತಲೆ ಓರೆಯಾಗುತ್ತದೆ, ತಲೆಯೊಂದಿಗೆ ಕೊಡೆಯೂ ವಾಲುತ್ತದೆ, ವಾಲಿದ ಕೊಡೆಯಿಂದ ಬೆನ್ನಿಗೆ ಸಣ್ಣ ಜೋಗವೊಂದು ಧುಮುಕುತ್ತದೆ. ಕೊಡೆ ನೆಟ್ಟಗೆ ಹಿಡಿದರೆ ತಲೆಗೆ ಹುಯ್ದುಕೊಳ್ಳಲು ಚೊಂಬು ಒಳಗೆ ಬಾರದು. ಯಾವ ನೀರನ್ನು ತಡೆಯಬೇಕು, ಯಾವುದನ್ನು ಬರಮಾಡಿಕೊಳ್ಳಬೇಕು ಎಂಬ ಪ್ರಶ್ನೆಗೆ ಅವನು ಆಗ ಬಂದು ತಲುಪುತ್ತಾನೆ. ಪ್ರತಿ ಕ್ಷಣವನ್ನೂ ಎಚ್ಚರದಿಂದ ಬದುಕಿಸುತ್ತೇವೆ ಎಂದು ಕರಪತ್ರದಲ್ಲಿ ಬರೆದದ್ದು ಸುಳ್ಳಾಗಿಲ್ಲ.

ಮೂರನೆಯ ದಿನಕ್ಕೆ ಅತಿಥಿಗೆ ಬುದ್ಧಿ ಬಂದಿರುತ್ತದೆ. ಮಳೆ ಹೊಳವಾಗುವುದನ್ನೇ ಕಾದು, ಆದ ಕೂಡಲೇ ಓಡಿಹೋಗಿ ಮಿಂದು ಬರುವುದು ಅವನ ಲೆಕ್ಕ. ಅದೇ ಹೊಳವಿಗೆ ಇನ್ನೊಬ್ಬರೂ ವಾರದಿಂದ ಕಾದಿರುತ್ತಾರೆ. ಅಡಕೆಗೆ ಕೊಳೆರೋಗ ಬಾರದಂತೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಹೊಡೆಯಬೇಕು, ಹೊಳವಾದಾಗಲೇ ಹೊಡೆಯಬೇಕು. ಹೀಗಾಗಿ ಅತಿಥಿ ಟವೆಲ್ಲು ಬಿಚ್ಚುವ ಹೊತ್ತಿಗೂ ಅಡಕೆ ಕೊಯ್ಯುವ ಕೊನೆಗೌಡ ಮರದ ತುದಿಗೆ ಏರುವ ಹೊತ್ತಿಗೂ ಒಂದು ನಿಮಿಷದ ಅಂತರವೂ ಇರುವುದಿಲ್ಲ. ಎದೆಮಟ್ಟದ ಗೋಡೆ ನೆಲದ ಮೇಲೆ ನಿಂತವರಿಂದ ಮರ್ಯಾದೆ ಕಾಪಾಡುತ್ತದೆ. ನಲವತ್ತು ಅಡಿ ಮೇಲಿರುವವನ ವಿಷಯದಲ್ಲಿ ಅದು ಏನೂ ಮಾಡಲಾರದು. ಕೊನೆಗೌಡ ಸಂಕೋಚದ ಮನುಷ್ಯ. ಮುಖ ಆ ಕಡೆ ತಿರುಗಿಸಿ, ‘ಸಾರ್, ಒಂಚೂರು ಕಣ್ ಮುಚ್ಕಳ್ಳಿ, ಔಷ್ದಿ ಹೊಡಿತಿದೀನಿ’ ಎಂದು ಕೂಗುತ್ತಾನೆ. ಗಾಳಿ ಇತ್ತ ಬೀಸುತ್ತದೆ. ಅತಿಥಿ ಕೈಗೆ ಸಿಕ್ಕ ಕೊಡೆಯನ್ನು ಬಿಚ್ಚಿ ಅದರ ಕೆಳಗೆ ಕುಕ್ಕರಗಾಲಲ್ಲಿ ಕೂರುತ್ತಾನೆ. ಕೊಡೆಯಿಂದ ಹೊರಗುಳಿದ ಭಾಗ ತಿಳಿನೀಲಿಯಾಗುತ್ತದೆ.

ಆಮೇಲಿನದು ಸೂರಿನ ಇತಿಹಾಸ, ಚಿಕ್ಕದು. ಮೊದಲು ಆಕಾಶ ಕಾಣುವಂಥ ಪ್ಲಾಸ್ಟಿಕ್ ಶೀಟು ಹೊದಿಸುತ್ತಾರೆ. ಒಂದು ಮಳೆಗಾಲಕ್ಕೆ ಪಾಚಿ ಕಟ್ಟಿ ಆಕಾಶ ಹಸಿರಾಗುತ್ತದೆ, ಮೇಲಿಂದ ಅಡಕೆಸೋಗೆ ಬಿದ್ದು ಶೀಟು ಸೀಳುತ್ತದೆ. ಆಮೇಲೆ ತಗಡು, ಮಳೆ ಬಂದರೆ ಒಳಗಿದ್ದವನಿಗೆ ತನ್ನ ಕೆಮ್ಮೂ ಕೇಳದು. ಕೊನೆಗೆ ಮಂಗಳೂರು ಹಂಚು. 19ನೇ ಶತಮಾನದ ಅರವತ್ತರ ದಶಕದಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಸುಡಲು ಆರಂಭಿಸಿದ ಈ ಹಂಚು ಒಂದರ ತೋಡಿನಲ್ಲಿ ಒಂದು ಕೂತು ನೀರನ್ನು ಜಾರಿಸುತ್ತದೆ, ಮಂಗ ಎತ್ತಿಹಾಕಿದರೆ ತಿರುಗಿ ಕೂರಿಸಲೂ ಬರುತ್ತದೆ. ಹಂಚು ಹೊದಿಸಿ, ನಾಲ್ಕನೆಯ ಗೋಡೆ ಎಬ್ಬಿಸಿ, ಮೂಲೆಗೆ ಒಲೆ ಹೂಡಿ ಹಂಡೆ ಕೂರಿಸಿದ ಮೇಲೆ ಬಚ್ಚಲು ಬೆಚ್ಚಗಾಗುತ್ತದೆ. ಆರ್ಕಿಟೆಕ್ಟರ ಫೀಸಿನ ಕೊನೆಯ ಕಂತು ಇಷ್ಟರಲ್ಲಿ ಪಾವತಿಯಾಗಿರುತ್ತದೆ. ಇಷ್ಟು ಸಾಹಸ ಮಾಡಿದ ಯಜಮಾನ ಯಾರೆಂಬುದು ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಬರಿಗಾಲ ದಾರಿ ಮುಂದಿನ ಅಂಗ. ಮಳೆಗಾಲದಲ್ಲಿ ಇದರ ಒಡೆತನ ಉಂಬಳಗಳದ್ದು. ದರಗೆಲೆಯ ತುದಿಯಲ್ಲಿ ಎದ್ದು ನಿಂತು, ಬರುವವರ ಉಸಿರು, ಕಾಲ ಸಪ್ಪಳ ಹಿಡಿದು ಅವು ಹತ್ತಿಕೊಳ್ಳುತ್ತವೆ. ಕಚ್ಚಿದ್ದು ಗೊತ್ತಾಗುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸ ಬಿಡುವುದರಿಂದ ಬಿದ್ದುಹೋದ ಮೇಲೂ ಗಾಯ ಒಸರುತ್ತಿರುತ್ತದೆ. ಹೊಗೆಸೊಪ್ಪು, ಸುಣ್ಣ, ಉಪ್ಪು ಊರವರ ಉಪಾಯ. ಸುಶ್ರುತನೇ ರಕ್ತ ತೆಗೆಯಲು ಜಿಗಣೆ ಹೇಳಿದ್ದಾನಲ್ಲ, ಇದನ್ನೂ ಚಿಕಿತ್ಸೆಗಳ ಪಟ್ಟಿಗೆ ಸೇರಿಸಿ ದರ ಹಾಕಿದರೇನು ಎಂಬ ಆಲೋಚನೆ ಬರುವುದುಂಟು. ಸುಶ್ರುತ ಹೇಳಿದ್ದು ನೀರಿನ ಜಿಗಣೆ, ಅದನ್ನು ಬಿಡುವುದು ವೈದ್ಯ. ಇಲ್ಲಿ ಎಲ್ಲಿ ಹಿಡಿಯಬೇಕೆಂಬುದನ್ನು ಉಂಬಳವೇ ತೀರ್ಮಾನಿಸುತ್ತದೆ.

ಮಳೆ ನಿಂತು ಉಂಬಳ ಮರೆಯಾದ ಮೇಲೆ ದಾರಿ ಉಣುಗಿನ ಕೈಗೆ ಹೋಗುತ್ತದೆ, ಅಲ್ಲಿಂದ ನಗೆ ನಿಲ್ಲುತ್ತದೆ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಜಗತ್ತಿನ ವೈದ್ಯಪುಸ್ತಕಗಳಲ್ಲಿ ರೋಗಕ್ಕೆ ಆ ಕಾಡಿನದೇ ಹೆಸರು. ಉಣುಗಿನ ಕಡಿತದಿಂದ ಬರುವ ಈ ಜ್ವರದ ಕಾಲ ಸುಮಾರಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅಂದರೆ ರಿಟ್ರೀಟುಗಳು ತುಂಬಿ ತುಳುಕುವ ಕಾಲ. ಇದಕ್ಕೆಂದೇ ಔಷಧಿಯಿಲ್ಲ, ಲಕ್ಷಣ ನೋಡಿ ಶುಶ್ರೂಷೆ ಮಾಡಬೇಕು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಹಲವರು ತೀರಿಕೊಂಡರು. ಅವರು ಕಾಡಿಗೆ ಹೋದದ್ದು ನೆಮ್ಮದಿ ಹುಡುಕಿಕೊಂಡಲ್ಲ, ದರಗು ಸೌದೆಗೆ, ದನದ ಹಿಂದೆ. ಇಷ್ಟಾಗಿಯೂ ಕರಪತ್ರಗಳಲ್ಲಿ ಒಣಗಿದೆಲೆಗಳ ಮೇಲೆ ಬರಿಗಾಲಲ್ಲಿ ನಡೆಯುವ ಹೆಂಗಸಿನ ಚಿತ್ರ ಹಾಕುವವರಿಗೆ ಏನು ಹೇಳುವುದು! ಬರಿಗಾಲ ದಾರಿಯನ್ನು ಅಂಗಳದ ಒಳಗೆ, ಗುಡಿಸಿದ ನೆಲದ ಮೇಲೆ ಮಾಡಬೇಕು. ಕಾಡಿಗೆ ಹೋಗುವವರು ಮೈಮುಚ್ಚುವ ಬಟ್ಟೆ ಹಾಕಿ, ಉಣುಗು ಹತ್ತದ ಎಣ್ಣೆ ಹಚ್ಚಿ, ಬಂದ ಮೇಲೆ ಬಿಸಿನೀರಿನಲ್ಲಿ ಮೀಯಬೇಕು. ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ಊಟದಲ್ಲಿ ವಿನ್ಯಾಸಕ್ಕೆ ಅವಕಾಶ ಕಡಿಮೆ, ಏಕೆಂದರೆ ಅಡಿಗೆ ಯಜಮಾನನ ಅಮ್ಮನದು. ಒಂದೆಲಗದ ತಂಬುಳಿ, ಕಾಲಕ್ಕೆ ಸರಿಯಾಗಿ ಕಳಲೆ, ಪತ್ರೊಡೆ, ಅಪ್ಪೆಹುಳಿ. ಅಪ್ಪೆಹುಳಿಯನ್ನು ಎರಡು ಲೋಟ ಕುಡಿದವರು ಮಧ್ಯಾಹ್ನ ಮಲಗಿದರೆ ನಾಲ್ಕು ಗಂಟೆಗೆ ಮೊದಲು ಏಳುವುದಿಲ್ಲ. ವೇಳಾಪಟ್ಟಿಯಲ್ಲಿ ಆ ಹೊತ್ತಿಗೆ ಯೋಗನಿದ್ರೆ ಎಂದು ಬರೆದಿರುತ್ತದೆ.

ಮೌನವೂ ಕೊಠಡಿ ಬಾಡಿಗೆಯಲ್ಲಿ ಸೇರಿದೆ. ಜೀರುಂಡೆ, ಕಪ್ಪೆ ಇವು ಒಪ್ಪಂದಕ್ಕೆ ಸಹಿ ಹಾಕಿದವಲ್ಲವಾದ್ದರಿಂದ ರಾತ್ರಿ ಹನ್ನೊಂದಕ್ಕೆ ದೂರು ಬರುತ್ತದೆ. ದೂರು ಕೊಡುವವರು ಸಂಜೆ ಹಳ್ಳದ ಬಂಡೆಯ ಮೇಲೆ ಬ್ಲೂಟೂತ್ ಸ್ಪೀಕರ್ ಇಟ್ಟು ಕುಣಿದವರೇ. ಮಾರನೆಯ ಬೆಳಗ್ಗೆ ಆ ಬಂಡೆಯ ಸಂದಿನಿಂದ ಚಿಪ್ಸ್ ಪೊಟ್ಟಣ, ಬಾಟಲಿ ಹೆಕ್ಕುವುದು ಯಜಮಾನನ ಪಾಲಿನ ಧ್ಯಾನ. ಆಗ ಅವನ ಬಾಯಿಂದ ಬರುವ ಮಂತ್ರಗಳು ಯಾವ ಯೋಗ ಗ್ರಂಥದಲ್ಲೂ ಇಲ್ಲ.

ಮೊಬೈಲಿನಿಂದ ಬಿಡುಗಡೆ ಎಂಬುದು ಕೊನೆಯ ಸೌಲಭ್ಯ. ಇದಕ್ಕೆ ಪ್ರತ್ಯೇಕ ಖರ್ಚಿಲ್ಲ, ಕಣಿವೆಯಲ್ಲಿ ನೆಟ್‌ವರ್ಕ್ ಬರುವುದೇ ಇಲ್ಲ. ತೊಂದರೆ ಎದುರಾಗುವುದು ಲೆಕ್ಕ ಚುಕ್ತಾ ಮಾಡುವ ದಿನ. ಯುಪಿಐ ಮಾಡಬೇಕಾದರೆ ಅತಿಥಿ, ಯಜಮಾನ ಇಬ್ಬರೂ ಸೊಪ್ಪಿನಬೆಟ್ಟದ ನೆತ್ತಿಯ ಬಂಡೆ ಹತ್ತಿ, ಒಂದೇ ದಿಕ್ಕಿಗೆ ಕೈ ಚಾಚಿ ನಿಲ್ಲಬೇಕು. ದುಡ್ಡು ಹೋಯಿತು ಎಂದು ಅತಿಥಿಯ ಫೋನು ಹೇಳುತ್ತದೆ, ಬಂತು ಎಂದು ಯಜಮಾನನದು ಹೇಳುವುದಿಲ್ಲ. ಹತ್ತಿರದ ಎಟಿಎಂ ಇರುವುದು ತಾಲ್ಲೂಕು ಪೇಟೆಯಲ್ಲಿ, ಕರೆಂಟು ಇದ್ದರೆ ಮಾತ್ರ ಅದಕ್ಕೂ ಜೀವ. ಹೋಗುವವರು ದಯವಿಟ್ಟು ನಗದು ಇಟ್ಟುಕೊಂಡು ಹೋಗಬೇಕು, ಸಾಧ್ಯವಾದರೆ ಚಿಲ್ಲರೆಯನ್ನೂ.