ಸದ್ದಿನ ಸೀಟು

ಕ್ರೀಡಾಂಗಣದ ಹತ್ತಿರ ಮನೆ ಮಾಡಿದವನನ್ನು ಬಂಧುಗಳು ಎರಡೇ ಕಾರಣಕ್ಕೆ ನೆನೆಯುತ್ತಾರೆ. ಒಂದು ಪಾಸು, ಇನ್ನೊಂದು ಗಾಡಿ ನಿಲ್ಲಿಸುವ ಜಾಗ. ನವಿ ಮುಂಬಯಿಯ ನೆರೂಳದಲ್ಲಿ ಡಿ. ವೈ. ಪಾಟೀಲ್ ಕ್ರೀಡಾಂಗಣ 2008ರ ಮಾರ್ಚಿನಲ್ಲಿ ಬಾಗಿಲು ತೆರೆದದ್ದೇ ತಡ, ನನಗೆ ಎಲ್ಲೆಲ್ಲಿಂದಲೋ ಸಂಬಂಧಿಕರು ಹುಟ್ಟಿಕೊಂಡರು. ಆ ವರ್ಷ ಜೂನ್ ಒಂದರಂದು ಮೊತ್ತಮೊದಲ ಐಪಿಎಲ್ ಫೈನಲ್ ಇಲ್ಲೇ ನಡೆಯಿತು. ಕಲ್ಯಾಣದ ಷಡ್ಡಕ, ಅವನ ಡೊಂಬಿವಲಿಯ ಭಾವ, ಆ ಭಾವನ ಆಫೀಸಿನವರು ಎಲ್ಲರೂ ನಮ್ಮಲ್ಲಿ ಊಟ ಮಾಡಿ, ಕಾರುಗಳನ್ನು ನಮ್ಮ ಸೊಸೈಟಿಯಲ್ಲಿ ಬಿಟ್ಟು ಪಂದ್ಯಕ್ಕೆ ಹೊರಟರು. ಕೊನೆಯ ಚೆಂಡಿನಲ್ಲಿ ರಾಜಸ್ಥಾನದವರು ಚೆನ್ನೈಯನ್ನು ಸೋಲಿಸಿದಾಗ ನಾನು ವಾಚ್‌ಮನ್ನಿನ ಜೊತೆ ಕೂತು ಆ ಕಾರುಗಳನ್ನು ಕಾಯುತ್ತಿದ್ದೆ.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಮ್ಮ ಹಿತ್ತಲಿನ ಗಿಡವಾದರೋ ರಾತ್ರಿಯೆಲ್ಲ ಬೊಬ್ಬೆ ಹೊಡೆಯುತ್ತದೆ. 2017ರ ಮೇ ತಿಂಗಳಲ್ಲಿ ಜಸ್ಟಿನ್ ಬೀಬರ್ ಬಂದು ಹಾಡಿದ, 2025ರ ಜನವರಿಯಲ್ಲಿ ಕೋಲ್ಡ್‌ಪ್ಲೇ ತಂಡದವರು ಹಾಡಿದರು. ನಮ್ಮ ಕಿಟಕಿಯ ಗಾಜುಗಳು ಎಲ್ಲದಕ್ಕೂ ತಾಳ ಹಾಕಿದವು. ನೆರೂಳದ ಹಳಬರು ಈ ಕ್ರೀಡಾಂಗಣವನ್ನು ನೋಡುವುದೇ ಕಿವಿಯಿಂದ. ಒಗ್ಗರಣೆಯ ಸದ್ದಿನಿಂದಲೇ ಪಕ್ಕದ ಮನೆಯಲ್ಲಿ ಇಂದು ಏನು ಪಲ್ಯವೆಂದು ಹೇಳುವ ಹೆಂಗಸರಂತೆ, ಬೊಬ್ಬೆಯ ಉದ್ದ ಕೇಳಿ ನಾಲ್ಕೋ ಆರೋ ವಿಕೆಟ್ಟೋ ಎಂದು ನಾವು ಹೇಳಬಲ್ಲೆವು. ಇದು ಯಾವ ಶಾಲೆಯಲ್ಲೂ ಕಲಿಸದ ವಿದ್ಯೆ, ಕಲಿತವರಿಗೆ ಸರ್ಟಿಫಿಕೇಟೂ ಇಲ್ಲ.

ಹೀಗೆ ಸುಖವಾಗಿದ್ದ ನಮ್ಮ ಮನೆಗೆ 2025ರ ದೀಪಾವಳಿಗೆ ಶಿಕಾಗೋದಿಂದ ಅಕ್ಕನ ಮಗ ಬಂದ. ಅಮೆರಿಕದಲ್ಲಿ ಕೆಲಸಕ್ಕಿರುವ ಹುಡುಗರು ರಜೆ ಸಿಕ್ಕಾಗ ನಯಾಗರಾಕ್ಕೆ ಹೋಗುತ್ತಾರೆ, ಇಲ್ಲವೇ ಪಿಟ್ಸ್‌ಬರ್ಗಿನ ವೆಂಕಟರಮಣನ ದೇವಸ್ಥಾನಕ್ಕೆ. ಇವನ ತೀರ್ಥಯಾತ್ರೆಯೇ ಬೇರೆ. ಮೇಜರ್ ಲೀಗ್ ಬೇಸ್‌ಬಾಲಿನಲ್ಲಿ ಮೂವತ್ತು ತಂಡಗಳಿವೆಯಂತೆ. ಅಷ್ಟೂ ತಂಡಗಳ ತವರು ಮೈದಾನಗಳನ್ನು ಕಾರಿನಲ್ಲಿ ಸುತ್ತಿ ನೋಡುವುದೇ ಒಂದು ವ್ರತವಂತೆ. ಬಹುಪಾಲು ಮುಗಿಸಿದ್ದಾನೆ. ಮದುವೆಯ ಮಾತು ತೆಗೆದರೆ, ‘ಡೆಟ್ರಾಯಿಟ್ ಒಂದು ಬಾಕಿ ಇದೆ ಮಾವ’ ಎನ್ನುತ್ತಾನೆ.

‘ಒಂದು ಮೈದಾನ ನೋಡಿದರೆ ಸಾಲದಾ ಮಾರಾಯ? ಎಲ್ಲ ಕಡೆಯೂ ಹುಲ್ಲೇ ಅಲ್ಲವಾ?’ ಎಂದೆ.

ಅವನು ಸೋಫಾದ ಮೇಲೆ ನೆಟ್ಟಗೆ ಕೂತ. ಬೇಸ್‌ಬಾಲಿನಲ್ಲಿ ಒಂದು ಬೇಸಿನಿಂದ ಇನ್ನೊಂದಕ್ಕೆ ತೊಂಬತ್ತು ಅಡಿ, ಅದು ಎಲ್ಲ ಕಡೆಯೂ ಒಂದೇ. ಆದರೆ ಆಚೆಗಿನ ಗೋಡೆ ಎಷ್ಟು ದೂರ, ಎಷ್ಟು ಎತ್ತರ ಎನ್ನುವುದು ಊರಿಂದೂರಿಗೆ ಬೇರೆ. ಬೋಸ್ಟನ್ನಿನ ಫೆನ್ವೇ ಪಾರ್ಕ್ 1912ರದ್ದು. ಎಡಗಡೆ ರಸ್ತೆ ತೀರಾ ಹತ್ತಿರ ಬಂದದ್ದರಿಂದ ಅಲ್ಲಿ ಮೂವತ್ತೇಳು ಅಡಿ ಎತ್ತರದ ಹಸಿರು ಗೋಡೆ ನಿಂತಿದೆ. ಶಿಕಾಗೋದ ರಿಗ್ಲಿ ಫೀಲ್ಡ್ 1914ರದ್ದು; ಅಲ್ಲಿಯ ಇಟ್ಟಿಗೆ ಗೋಡೆಗೆ ಬಳ್ಳಿ ಹಬ್ಬಿದೆ, ಚೆಂಡು ಬಳ್ಳಿಯೊಳಗೆ ಸಿಕ್ಕಿಕೊಂಡರೆ ಅದಕ್ಕೂ ಒಂದು ನಿಯಮ. 1988ರ ತನಕ ಅಲ್ಲಿ ರಾತ್ರಿ ಆಟಕ್ಕೆ ದೀಪವೇ ಇರಲಿಲ್ಲ. ನಿದ್ದೆ ಕೆಡುತ್ತದೆ, ಗಲಾಟೆಯಾಗುತ್ತದೆ ಎಂದು ಅಕ್ಕಪಕ್ಕದವರು ಹಟ ಹಿಡಿದಿದ್ದರು. ನೆರೆಯವರ ಮಾತಿಗೂ ಬೆಲೆಯಿರುವ ಊರು ಎಂದು ನನಗೆ ಶಿಕಾಗೋದ ಮೇಲೆ ಗೌರವ ಹುಟ್ಟಿತು.

ಆಮೇಲೆ ಅವನು ಹೇಳಿದ ಸಂಗತಿಯೇ ಮುಂದಿನ ಎಲ್ಲ ಅನರ್ಥಗಳಿಗೆ ಮೂಲ. ರಿಗ್ಲಿ ಫೀಲ್ಡಿನ ಎದುರಿನ ರಸ್ತೆಗಳ ಮನೆಯವರು ತಮ್ಮ ಮಾಳಿಗೆಯ ಮೇಲೆ ಕುರ್ಚಿ ಹಾಕಿ ಆಟ ನೋಡುತ್ತಿದ್ದರು. ಬರಬರುತ್ತ ಮೆಟ್ಟಿಲು ಮೆಟ್ಟಿಲಾಗಿ ಬೆಂಚು ಕಟ್ಟಿ ಟಿಕೆಟ್ ಮಾರತೊಡಗಿದರು. ‘ನಮ್ಮ ಆಟ, ನಿಮ್ಮ ದುಡ್ಡು’ ಎಂದು ತಂಡದವರು ಕೋರ್ಟಿಗೆ ಹೋದರು. ಕಡೆಗೆ 2004ರಲ್ಲಿ ರಾಜಿಯಾಗಿ, ಮಾಳಿಗೆಯವರು ಸಂಪಾದನೆಯಲ್ಲಿ ಶೇಕಡಾ ಹದಿನೇಳು ಪಾಲು ತಂಡಕ್ಕೆ ಕೊಡಲು ಒಪ್ಪಿದರು.

ಅಳಿಯ ಈ ಕಥೆ ಹೇಳಿದ್ದು ಲಿಫ್ಟಿನಲ್ಲಿ. ಲಿಫ್ಟಿನಲ್ಲಿ ನಮ್ಮ ಸೊಸೈಟಿಯ ಸೆಕ್ರೆಟರಿ ಸಾಹೇಬರೂ ಇದ್ದರು. ಅವರಿಗೆ ಕನ್ನಡ ಬಾರದು, ಆದರೆ ‘ಟೆರೇಸ್’, ‘ಟಿಕೆಟ್’, ‘ಸೆವೆಂಟೀನ್ ಪರ್ಸೆಂಟ್’ ಎಂಬ ಮೂರು ಶಬ್ದ ಸಾಕಾಯಿತು. ಐದನೇ ಮಹಡಿಯಲ್ಲಿ ಇಳಿಯಬೇಕಾದವರು ನಮ್ಮೊಡನೆ ಏಳನೇ ಮಹಡಿಯ ತನಕ ಬಂದು, ಮರಾಠಿಯಲ್ಲಿ ಎಲ್ಲವನ್ನೂ ಇನ್ನೊಮ್ಮೆ ಹೇಳಿಸಿಕೊಂಡು ಹೋದರು.

ಮರುದಿನ ಅಳಿಯನಿಗೆ ಮುಂಬಯಿಯ ಮೈದಾನಗಳು ಆಗಬೇಕಿತ್ತು. ಅಮೆರಿಕದಲ್ಲಿ ಇಂಥ ಯಾತ್ರೆಗೆ ಬಾಡಿಗೆಯ ಕಾರು, ನಮ್ಮಲ್ಲಿ ಹಾರ್ಬರ್ ಲೈನಿನ ಲೋಕಲ್. ಮೂವರ ಬೆಂಚಿನಲ್ಲಿ ಕೂತವರು ಚೂರು ಸರಿದು, ನಾಲ್ಕನೆಯವನಿಗೆ ಅರ್ಧ ಅಂಡು ಊರುವಷ್ಟು ಜಾಗ ಕೊಡುವ ‘ಚೌಥಾ ಸೀಟ್’ ಎಂಬ ಏರ್ಪಾಡನ್ನು ಅವನು ಕಂಡದ್ದು ಅಂದೇ. ವಡಾಲಾ ಬರುವಾಗ ಅವನ ಒಂದು ಕಾಲು ಜೋಮು ಹಿಡಿದಿತ್ತು, ‘ಇದಕ್ಕೆ ರಿಸರ್ವೇಶನ್ ಇಲ್ವಾ ಮಾವ?’ ಎಂದು ಕೇಳಿದ. ಎದುರಿಗೆ ಕೂತವರು ನಕ್ಕರು.

ಚರ್ಚ್‌ಗೇಟಿನಲ್ಲಿ ಬ್ರೆಬೋರ್ನ್ ಕ್ರೀಡಾಂಗಣವನ್ನು ಹೊರಗಿನಿಂದ ತೋರಿಸಿದೆ. ಸಮುದ್ರ ತುಂಬಿಸಿ ಮಾಡಿದ ನೆಲದಲ್ಲಿ 1937ರಲ್ಲಿ ಎದ್ದ ಕ್ರೀಡಾಂಗಣ ಅದು. ಜಾಗ ಕೇಳಲು ಹೋದವರು ಗವರ್ನರ್ ಲಾರ್ಡ್ ಬ್ರೆಬೋರ್ನರನ್ನು ‘ತಮಗೆ ದುಡ್ಡು ಬೇಕೋ, ಅಮರತ್ವ ಬೇಕೋ’ ಎಂದು ಕೇಳಿದರಂತೆ. ಅವರು ಅಮರತ್ವ ಆರಿಸಿಕೊಂಡರು ಎಂಬ ಕಥೆಯಿದೆ. ಅಲ್ಲಿಂದ ನಡೆದು ಸ್ವಲ್ಪ ಹೊತ್ತಿಗೆಲ್ಲ ವಾಂಖೆಡೆ ಎದುರಾಯಿತು.

‘ಇಷ್ಟು ಹತ್ತಿರ ಎರಡೆರಡು ಯಾಕೆ?’ ಎಂದ.

‘ಸೀಟಿನ ಜಗಳ’ ಎಂದೆ. ಬ್ರೆಬೋರ್ನ್ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದವರದ್ದು. ಟೆಸ್ಟ್ ಆಡಿಸುವವರು ಮುಂಬಯಿ ಕ್ರಿಕೆಟ್ ಸಂಸ್ಥೆಯವರು. ನಮಗೆಷ್ಟು ಸೀಟು, ನಿಮಗೆಷ್ಟು ಸೀಟು ಎಂಬ ಜಗಳ ವರ್ಷಗಟ್ಟಲೆ ನಡೆದು, ಕಡೆಗೆ ರಾಜಕಾರಣಿಯೂ ಸಂಸ್ಥೆಯ ಅಧ್ಯಕ್ಷರೂ ಆಗಿದ್ದ ಎಸ್. ಕೆ. ವಾಂಖೆಡೆಯವರು ‘ನಿಮ್ಮ ಸೀಟು ನೀವೇ ಇಟ್ಟುಕೊಳ್ಳಿ’ ಎಂದು ಕೂಗಳತೆಯಲ್ಲೇ ಬೇರೆ ಕ್ರೀಡಾಂಗಣ ಕಟ್ಟಿಸಿಬಿಟ್ಟರು. ವೆಸ್ಟ್ ಇಂಡೀಸ್ ತಂಡದ ಒಂದೇ ಪ್ರವಾಸದಲ್ಲಿ, 1974ರ ನವೆಂಬರಿನಲ್ಲಿ ಬೆಂಗಳೂರಿನ ಮೈದಾನ ತನ್ನ ಮೊದಲ ಟೆಸ್ಟ್ ಕಂಡಿತು, 1975ರ ಜನವರಿಯಲ್ಲಿ ವಾಂಖೆಡೆ ಕಂಡಿತು. ಇಲ್ಲಿ ಕ್ಲೈವ್ ಲಾಯ್ಡ್ ಇನ್ನೂರು ದಾಟಿದಾಗ ಅಭಿಮಾನಿಯೊಬ್ಬ ಕೈಕುಲುಕಲು ಮೈದಾನಕ್ಕೆ ಓಡಿದ. ಪೊಲೀಸರು ಅವನಿಗೆ ಬಡಿದರು. ಹೊಚ್ಚ ಹೊಸ ಕ್ರೀಡಾಂಗಣದಲ್ಲಿ ಗಲಭೆಯೆದ್ದು ಆಟ ನಿಂತಿತು. ಸೀಟಿಗಾಗಿ ಕಟ್ಟಿದ ಮನೆಯಲ್ಲಿ ಮೊದಲ ಪಂದ್ಯಕ್ಕೇ ಜನ ಸೀಟು ಬಿಟ್ಟು ಎದ್ದಿದ್ದರು. ನಮ್ಮ ವಿಶ್ವನಾಥ್ ಆ ಪಂದ್ಯದಲ್ಲಿ ತೊಂಬತ್ತೈದು ಹೊಡೆದರು ಎಂಬುದನ್ನೂ ಸೇರಿಸಿದೆ. ಕನ್ನಡಿಗನೆಂದ ಮೇಲೆ ಅದನ್ನು ಹೇಳದೆ ಮುಂದೆ ಹೋಗುವುದು ಹೇಗೆ?

ಇನ್ನು ಉಳಿದದ್ದು ಹಿತ್ತಲಿನದ್ದು. ಮಹಿಳೆಯರ ವಿಶ್ವಕಪ್ಪಿನ ಕೆಲವು ಪಂದ್ಯಗಳು ಬೆಂಗಳೂರಿನಲ್ಲಿ ನಡೆಯಬೇಕಿತ್ತು. ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ ಹನ್ನೊಂದು ಮಂದಿ ತೀರಿಕೊಂಡ ಮೇಲೆ ಅವು ನೆರೂಳಕ್ಕೆ ಬಂದವು. ಆ ಸೌಭಾಗ್ಯಕ್ಕೆ ಕನ್ನಡಿಗನಾದವನು ಕುಣಿಯಲಾರ. ಆದರೂ ಅಳಿಯ ಟಿಕೆಟ್ ಕೊಂಡ. ಅಕ್ಟೋಬರ್ 26ರ ಭಾನುವಾರ ಭಾರತ–ಬಾಂಗ್ಲಾದೇಶ ಪಂದ್ಯಕ್ಕೆ ನಾವಿಬ್ಬರೂ ಹೋದೆವು.

ಒಳಗೆ ಕಾಲಿಟ್ಟಾಗ ನನಗೆ ಮಾತು ಬರಲಿಲ್ಲ. ವಾಸ್ತುಶಿಲ್ಪಿ ಹಫೀಜ್ ಕಾಂಟ್ರಾಕ್ಟರ್ ಇದರ ಮಾಡನ್ನು ಹಿಂದಿನಿಂದ ಚಾಚಿ ನಿಲ್ಲಿಸಿದ್ದಾರೆ. ಕಣ್ಣಿಗೆ ಅಡ್ಡಬರುವ ಕಂಬವೇ ಇಲ್ಲ, ಎಲ್ಲಿ ಕೂತರೂ ಇಡೀ ಮೈದಾನ ಸ್ಪಷ್ಟ. ಅಂದು ಆ ಮೈದಾನದ ಮೇಲೆ ಹಾಸಿದ ಟರ್ಪಾಲು ಬಹಳ ಸ್ಪಷ್ಟವಾಗಿ ಕಂಡಿತು. ಮಳೆ ಬಂತು, ನಿಂತಿತು, ಬಂತು. ಓವರುಗಳನ್ನು ಇಳಿಸಿದರು. ಹುಡುಗಿಯರು ಒಂದಿಷ್ಟು ಆಡಿದರು. ಮತ್ತೆ ಮಳೆ. ಕಡೆಗೆ ಪಂದ್ಯ ಫಲಿತಾಂಶವಿಲ್ಲದೆ ರದ್ದಾಯಿತು. ನಮ್ಮ ಮೈದಾನಕ್ಕೆ ಇದು ಹೊಸದಲ್ಲ. 2009ರ ನವೆಂಬರಿನಲ್ಲಿ ಭಾರತ–ಆಸ್ಟ್ರೇಲಿಯಾ ಗಂಡಸರ ಏಕದಿನ ಪಂದ್ಯ ಒಂದೇ ಒಂದು ಚೆಂಡು ಬೀಳದೆ ಮಳೆಯಲ್ಲಿ ತೊಳೆದುಹೋಗಿತ್ತು. ‘ಅಮೆರಿಕದಲ್ಲಿ ಇಷ್ಟು ಹೊತ್ತಿಗೆ ಎರಡು ಹಾಟ್‌ಡಾಗ್ ತಿಂದಾಗುತ್ತಿತ್ತು’ ಎಂದ ಅಳಿಯ. ನಾನು ಮಾಡನ್ನೇ ನೋಡುತ್ತಿದ್ದೆ. ಇಷ್ಟು ವರ್ಷ ಬೊಬ್ಬೆಯಷ್ಟೇ ಆಗಿದ್ದ ನೆರೆಯವನಿಗೆ ಅಂದು ಮುಖ ಬಂದಿತ್ತು.

ಅಕ್ಟೋಬರ್ 30ರ ಸೆಮಿಫೈನಲ್ ರಾತ್ರಿ ನಮ್ಮ ಮನೆಯಲ್ಲಿ ಕ್ರಾಂತಿಯಾಯಿತು. ಆಸ್ಟ್ರೇಲಿಯಾ ಇಟ್ಟ 339 ರನ್ನುಗಳ ಗುರಿಯನ್ನು ಜೆಮೀಮಾ ರೊಡ್ರಿಗಸ್ ಔಟಾಗದೆ 127 ಹೊಡೆದು ಮುಟ್ಟಿಸಿದಳು. ಕ್ರಿಕೆಟ್ ಎಂದರೆ ಧಾರಾವಾಹಿಗೆ ಅಡ್ಡಬರುವ ವಸ್ತು ಎಂದುಕೊಂಡಿದ್ದ ನನ್ನ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ‘ಮೂಲ ನಮ್ಮ ಮಂಗಳೂರು ಕಡೆಯವಳಂತೆ ಹುಡುಗಿ’ ಎಂದಳು. ಅಳಿಯ ಫೈನಲ್ಲಿಗೆ ಎರಡು ಟಿಕೆಟ್ ಹಿಡಿದು ತಂದಾಗ ಒಂದು ಅವಳ ಪರ್ಸು ಸೇರಿತ್ತು.

‘ನಾನು?’ ಎಂದೆ.

‘ಹೆಂಗಸರ ಫೈನಲ್ಲಿಗೆ ನಿಮಗೆಂತ ಕೆಲಸ? ನಿಮಗೆ ಕಿವಿ ಉಂಟಲ್ಲ!’

ನವೆಂಬರ್ 2ರ ಭಾನುವಾರ ಬೆಳಿಗ್ಗೆ ಐದೂವರೆಗೆ ಅಳಿಯ ಲ್ಯಾಪ್‌ಟಾಪ್ ಮುಂದೆ ಕೂತಿದ್ದ. ಟೊರೊಂಟೊದಲ್ಲಿ ಬೇಸ್‌ಬಾಲಿನ ವರ್ಲ್ಡ್ ಸೀರೀಸಿನ ಏಳನೇ ಪಂದ್ಯ. ಒಂಬತ್ತು ಇನಿಂಗ್ಸಿನಲ್ಲಿ ಮುಗಿಯಬೇಕಾದದ್ದು ಹನ್ನೊಂದಕ್ಕೆ ಎಳೆದು, ಲಾಸ್ ಏಂಜಲೀಸಿನ ಡಾಡ್ಜರ್ಸ್ 5–4ರಿಂದ ಗೆದ್ದರು. ಅವನು ಅದೇ ಕಣ್ಣಿನಲ್ಲಿ ಸ್ನಾನ ಮಾಡಿ, ತಿಂಡಿ ತಿಂದು, ಅತ್ತೆಯ ಕೈ ಹಿಡಿದು ವಿಶ್ವಕಪ್ ಫೈನಲ್ಲಿಗೆ ಹೊರಟ. ಮಳೆಯಿಂದಾಗಿ ಮೂರಕ್ಕೆ ಆಗಬೇಕಾದ ಆಟ ಐದಕ್ಕೆ ಶುರುವಾಯಿತು.

ನಾನು ಟೆರೇಸ್ ಹತ್ತಿದೆ. ಲೀಕೇಜಿನ ನೆಪದಲ್ಲಿ ವರ್ಷವಿಡೀ ಬೀಗ ಬಿದ್ದಿರುತ್ತಿದ್ದ ಬಾಗಿಲು ಅಂದು ಹಾರು ಹೊಡೆದಿತ್ತು. ಸೆಕ್ರೆಟರಿ ಸಾಹೇಬರು ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಲಾಗಿ ಹಾಕಿಸಿ, ಕೈಯಲ್ಲಿ ಪಟ್ಟಿ ಹಿಡಿದು ನಿಂತಿದ್ದರು. ಟಿಕೆಟ್ ಮಾರುವಂತಿರಲಿಲ್ಲ, ನಮ್ಮ ಟೆರೇಸಿನಿಂದ ಕಾಣುವುದು ಎರಡು ಕಟ್ಟಡಗಳ ನಡುವೆ ಕ್ರೀಡಾಂಗಣದ ಮಾಡಿನ ಒಂದು ಅಂಚು, ಅದರ ಮೇಲೆ ಬೆಳಕು, ಅಷ್ಟೆ. ಅದಕ್ಕಾಗಿ ಅವರು ಹೊಸ ದಾರಿ ಹುಡುಕಿದ್ದರು: ಮೇಂಟೆನೆನ್ಸ್ ಬಾಕಿ ಇಟ್ಟವರಿಗೆ ಪ್ರವೇಶವಿಲ್ಲ. ವರ್ಷದಿಂದ ಕಟ್ಟದವರು ಮೆಟ್ಟಿಲ ಮೇಲೆ ನಿಂತೇ ಮೊಬೈಲಿನಲ್ಲಿ ಕಟ್ಟಿ ಒಳಬಂದರು. ಶಿಕಾಗೋದವರಿಗೂ ಹೊಳೆಯದ ಉಪಾಯ.

ಎಲ್ಲರ ಕೈಯಲ್ಲೂ ಮೊಬೈಲು. ಆದರೆ ಮೊಬೈಲಿನ ಆಟ ಕ್ರೀಡಾಂಗಣದ ಸದ್ದಿಗಿಂತ ಹಿಂದೆ. ಬೊಬ್ಬೆ ಕೇಳಿದ ಮೇಲೆ ನಾವು ಕತ್ತು ಬಗ್ಗಿಸಿ, ಆಗಲೇ ಆಗಿಹೋದದ್ದು ಈಗ ಹೇಗೆ ಆಗುತ್ತದೆ ಎಂದು ನೋಡುವುದು. ಗಾಯಗೊಂಡ ಪ್ರತಿಕಾ ರಾವಲ್ ಬದಲಿಗೆ ಬಂದ ಶಫಾಲಿ ವರ್ಮಾ 87 ಹೊಡೆದಳು. ಭಾರತ 298 ಮಾಡಿತು. ದಕ್ಷಿಣ ಆಫ್ರಿಕಾ ಆಡತೊಡಗಿದ ಮೇಲೆ ವಿದ್ಯೆಯ ಪರೀಕ್ಷೆ ಶುರು. ಸದ್ದಿಲ್ಲದಿದ್ದರೆ ಲಾರಾ ವೋಲ್ವಾರ್ಟ್ ಬೌಂಡರಿ ಹೊಡೆದಳೆಂದು ಅರ್ಥ. ಅವಳು ನೂರು ದಾಟಿದಾಗ ನೆರೂಳದಲ್ಲಿ ನಾಯಿಗಳಷ್ಟೇ ಮಾತಾಡುತ್ತಿದ್ದವು.

ಆಗ ಒಂದು ವಿಚಿತ್ರ ಸದ್ದು ಬಂತು. ಏರಿತು, ತಟ್ಟನೆ ಬಿತ್ತು, ಮತ್ತೆ ಏರಿತು, ಮತ್ತೆ ನಡುಗಿತು, ಕಡೆಗೆ ಮಾಡು ಹಾರಿಹೋಗುವಂತೆ ಒಡೆಯಿತು. ಇಂಥ ಬೊಬ್ಬೆ ನಮ್ಮ ಪಠ್ಯದಲ್ಲಿರಲಿಲ್ಲ. ನಾಲ್ಕಲ್ಲ, ಆರಲ್ಲ, ವಿಕೆಟ್ಟೂ ಹೀಗಿರುವುದಿಲ್ಲ. ಎಲ್ಲರೂ ಮೊಬೈಲಿಗೆ ಕಣ್ಣು ನೆಟ್ಟೆವು. ದೀಪ್ತಿ ಶರ್ಮಾ ಎಸೆದಳು, ವೋಲ್ವಾರ್ಟ್ ಎತ್ತಿ ಹೊಡೆದಳು, ಅಮನ್‌ಜೋತ್ ಕೌರ್ ಓಡಿಬಂದು ಹಿಡಿದಳು, ಚೆಂಡು ಕೈಯಿಂದ ಜಿಗಿಯಿತು, ಮತ್ತೆ ಹಿಡಿದಳು, ಮತ್ತೆ ಜಿಗಿಯಿತು, ಬೀಳುತ್ತ ಬೀಳುತ್ತ ಹಿಡಿದೇ ಬಿಟ್ಟಳು! ಆ ಚೆಂಡು ಜಿಗಿದದ್ದನ್ನೆಲ್ಲ ನಾವು ಮೊದಲೇ ಕಿವಿಯಲ್ಲಿ ಕೇಳಿದ್ದೆವು. ಸೆಕ್ರೆಟರಿ ಸಾಹೇಬರು ಪಟ್ಟಿ ಗಾಳಿಗೆ ತೂರಿ ನನ್ನನ್ನು ಅಪ್ಪಿಕೊಂಡರು. ಮಧ್ಯರಾತ್ರಿಯ ಹೊತ್ತಿಗೆ ಹರ್ಮನ್‌ಪ್ರೀತ್ ಕೌರ್ ಹಿಂದಕ್ಕೆ ಓಡಿ ಕೊನೆಯ ಕ್ಯಾಚ್ ಹಿಡಿದಾಗ ಎದುರಾಳಿಗಳು 246. ಭಾರತಕ್ಕೆ 52 ರನ್ನುಗಳ ಗೆಲುವು, ಮೊದಲ ವಿಶ್ವಕಪ್.

ಹೆಂಡತಿ ಮನೆಗೆ ಬಂದಾಗ ಗಂಟಲು ಕೂತಿತ್ತು. ‘ಆ ಕ್ಯಾಚ್ ಹೇಗಿತ್ತು?’ ಎಂದರೆ, ‘ಎದುರಿನವನು ಎದ್ದು ನಿಂತ, ನನಗೆ ಕಾಣಲೇ ಇಲ್ಲ’ ಎಂದು ಸನ್ನೆ ಮಾಡಿದಳು. ನಾನು ಅವಳಿಗೆ ಇಡೀ ಕ್ಯಾಚನ್ನು ಸದ್ದು ಸಮೇತ ವಿವರಿಸಿದೆ.

ಅಳಿಯ ಶಿಕಾಗೋಗೆ ಹಿಂತಿರುಗಿದ. ಸೊಸೈಟಿಯ ಮುಂದಿನ ಸಭೆಯಲ್ಲಿ ಒಂದೇ ವಿಷಯ: ಎ ವಿಂಗಿನ ಟೆರೇಸಿನ ಮೊದಲ ಸಾಲಿನಲ್ಲಿ ಬಿ ವಿಂಗಿನವರಿಗೆ ಎಷ್ಟು ಕುರ್ಚಿ? ಎ ವಿಂಗಿನವರು, ಸದ್ದು ನಮ್ಮ ಕಡೆಯದ್ದು ಎಂದರು. ಬಿ ವಿಂಗಿನವರು, ಮೇಂಟೆನೆನ್ಸ್ ಇಬ್ಬರದ್ದೂ ಒಂದೇ ಎಂದರು. ಮಾತು ಬೆಳೆಯಿತು, ಚಹಾ ಆರಿತು, ಬಿ ವಿಂಗಿನವರು ಸಭಾತ್ಯಾಗ ಮಾಡಿದರು. ಜನವರಿಯಲ್ಲಿ ಮಹಿಳೆಯರ ಪ್ರೀಮಿಯರ್ ಲೀಗ್ ನೆರೂಳಕ್ಕೆ ಬರುವಷ್ಟರಲ್ಲಿ ಬಿ ವಿಂಗಿನ ಟೆರೇಸಿನಲ್ಲಿ, ನೀರಿನ ಟ್ಯಾಂಕಿನ ಪಕ್ಕಕ್ಕೆ, ಹೊಸ ತಗಡಿನ ಚಪ್ಪರ ಎದ್ದಿತ್ತು. ಅದಕ್ಕೆ ಬೇರೆ ಬೀಗ, ಬೇರೆ ಪಟ್ಟಿ, ಬೇರೆ ಸೆಕ್ರೆಟರಿ. ವಾಂಖೆಡೆಯವರು ಕಂಡಿದ್ದರೆ ಬೆನ್ನು ತಟ್ಟುತ್ತಿದ್ದರು.