ವಾಮಹಸ್ತವೇಗ ಮೀಮಾಂಸೆ

ಉಪೋದ್ಘಾತ. ಗಣಕಸಹಾಯಿತ ರೇಖಾನ್ಯಾಸದಲ್ಲಿ ಕಾರ್ಯದಕ್ಷತೆ ಎಂಬುದು ದಕ್ಷಿಣಹಸ್ತನಿಷ್ಠ ಮೂಷಕಸಂಚಾರಕ್ಕೂ ವಾಮಹಸ್ತನಿಷ್ಠ ಕೀಲಿಪ್ರಹಾರಕ್ಕೂ ಇರುವ ಅವಿನಾಭಾವದಿಂದ ನಿಷ್ಪನ್ನವಾಗುವ ಕಾಲಸಂಕೋಚವಿಶೇಷ. ಅಂದರೆ, ಬಲಗೈ ಮೌಸ್ ಬಿಡಬಾರದು, ಎಡಗೈ ಕೀಬೋರ್ಡ್ ಬಿಡಬಾರದು. ಇಷ್ಟು ಹೇಳುವುದಕ್ಕೆ ಏರ್‌ಪೋರ್ಟ್ ರಸ್ತೆಯ ಹೋಟೆಲಿನಲ್ಲಿ ತರಬೇತುದಾರರೊಬ್ಬರು ಅರ್ಧ ದಿನ ತೆಗೆದುಕೊಂಡರು. ದೊಡ್ಡಬಳ್ಳಾಪುರದ ತಾಲ್ಲೂಕು ಕಚೇರಿ ಪಕ್ಕ ಹತ್ತಡಿ ಅಗಲದ ಅಂಗಡಿಯಲ್ಲಿ ಹದಿನಾರು ವರ್ಷದಿಂದ ಆಟೋಕ್ಯಾಡ್ ಮುಂದೆ ಕೂತಿರುವ ನಾನು ಊಟದ ಆಸೆಗೆ ಕೊನೆಯವರೆಗೂ ಇದ್ದೆ. ‘ವರ್ಕ್‌ಫ್ಲೋ ಆಪ್ಟಿಮೈಸ್ ಮಾಡಿದರೆ ದಿನಕ್ಕೆರಡು ಗಂಟೆ ನಿಮ್ಮದೇ’ ಎಂದರು. ಆ ಎರಡು ಗಂಟೆಯನ್ನು ಹುಡುಕುತ್ತಾ ಹುಟ್ಟಿದ್ದು ಈ ಶಾಸ್ತ್ರ.

ಪೂರ್ವಸೂರಿ ಪ್ರಕರಣ. ಆಟೋಕ್ಯಾಡ್ ಹುಟ್ಟಿದ್ದು 1982ರಲ್ಲಿ ಎಂದು ತರಬೇತುದಾರರು ಭಕ್ತಿಯಿಂದ ನುಡಿದರು. ಯಂತ್ರಕ್ಕೆ ಚಿತ್ರ ಓದಿಸುವ ವಿದ್ಯೆ ಅದಕ್ಕಿಂತ ಬಹಳ ಹಳೆಯದು: 1804ರ ಹೊತ್ತಿಗೆ ಫ್ರಾನ್ಸಿನ ಜಕಾರ್ಡ್ ಅದನ್ನು ಮಗ್ಗಕ್ಕೆ ಕಲಿಸಿದ್ದ. ನಮ್ಮೂರಿನ ನೇಕಾರರಿಗೆ ಅದನ್ನು ಯಾರೂ ಪಂಚತಾರಾ ಹೋಟೆಲಿಗೆ ಕರೆದು ಹೇಳಿಕೊಡಬೇಕಾಗಿಲ್ಲ. ಗ್ರಾಫ್ ಹಾಳೆಯ ಮೇಲೆ ಮಾವಿನಕಾಯಿ ಬುಟ್ಟಾ ಬರೆದು, ಚೌಕ ಎಣಿಸಿ, ರಟ್ಟಿಗೆ ತೂತು ಹೊಡೆದು, ರಟ್ಟುಗಳನ್ನು ಮಾಲೆ ಪೋಣಿಸಿ ಮಗ್ಗದ ತಲೆಗೇರಿಸುತ್ತಿದ್ದರು. ತೂತಿದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಇಲ್ಲ. ಈ ವಿಧಾನದ ಒಂದು ಗುಣವನ್ನು ವಿದ್ವಾಂಸರು ಗಮನಿಸಿಲ್ಲ. ತೂತು ಬಿದ್ದ ರಟ್ಟಿಗೆ ‘ಅನ್‌ಡೂ’ ಇರಲಿಲ್ಲ. ಆದ್ದರಿಂದ ಡಿಸೈನ್ ಬೇಕೆಂದವರು ಮೊದಲೇ ಯೋಚಿಸಿಕೊಂಡು ಬರುತ್ತಿದ್ದರು.

ಕೀಲಿಪ್ರಕರಣ. ‘ಎಲ್’ ಒತ್ತಿದರೆ ಗೆರೆ, ‘ಸಿ’ಗೆ ವೃತ್ತ, ‘ಟಿಆರ್’ಗೆ ಕತ್ತರಿ. ಸ್ಪೇಸ್‌ಬಾರ್ ಎಂಟರಿನ ಕೆಲಸ ಮಾಡುತ್ತದೆ. ಮತ್ತೊಮ್ಮೆ ಒತ್ತಿದರೆ ಹಿಂದಿನ ಆಜ್ಞೆಯೇ ಮರುಕಳಿಸುತ್ತದೆ. ಇದು ಅಣಕವಲ್ಲ, ನಿಜಕ್ಕೂ ಉಪಯೋಗದ ಮಾತು. ಹೊಸ ಹುಡುಗರು ಬರೆದಿಟ್ಟುಕೊಳ್ಳಲಿ. ‘ಎಸ್ಕೇಪ್’ ಪಕ್ಕದಲ್ಲೇ ‘ಎಫ್1’ ಇದೆ. ಅವಸರದಲ್ಲಿ ಬೆರಳು ಅಲ್ಲಿಗೆ ಜಾರಿದರೆ ಯಾರೂ ಕೇಳದ ಸಹಾಯ ಪರದೆ ತುಂಬ ತೆರೆದುಕೊಳ್ಳುತ್ತದೆ. ತರಬೇತುದಾರರ ಬಗ್ಗೆ ನಾನು ಹೇಳಬೇಕೆಂದಿದ್ದೂ ಹೆಚ್ಚುಕಡಿಮೆ ಇದೇ.

ಕಾಲಹರಣ ಪ್ರಕರಣ. ಕಾಲಹರಣ ಸಪ್ತವಿಧ. ಒಂದನೆಯದು ಬಂಧುಜನ್ಯ.

‘ಅಣ್ಣ, ನಮ್ ಬಾಮೈದ ನೋಡ್ದ. ಟಾಯ್ಲೆಟ್ಟು ಆಕಡೀಕ್ ಹಾಕ್ಬೇಕಂತೆ.’

‘ಆಕಡೆ ಮೆಟ್ಲು ಬರ್ತದಲ್ಲ ಯಜಮಾನ್ರೇ.’

‘ಕಂಪ್ಯೂಟ್ರಲ್ವಾ, ಎಳುದ್ರೆ ಬತ್ತದೆ ಬುಡಣ್ಣ.’

ಎಳೆದರೆ ಬರುತ್ತದೆ, ಅದೇ ಕಷ್ಟ. ನನ್ನ ಕಂಪ್ಯೂಟರಿನಲ್ಲಿ ಈಗ ‘ಬಾಮೈದ ನೋಡಿದ ಮೇಲೆ’, ‘ಬಾಮೈದ ಊರಿಗೆ ಹೋದ ಮೇಲೆ’ ಎಂಬ ಎರಡು ಡಿಡಬ್ಲ್ಯೂಜಿ ಫೈಲುಗಳಿವೆ. ನನ್ನ ಎಡಗೈ ಎಷ್ಟು ಚುರುಕಾಯಿತೋ ಬಾಮೈದನ ಸಲಹೆಗಳೂ ಅಷ್ಟೇ ಚುರುಕಾದವು.

ಎರಡನೆಯದು ಆಯಜನ್ಯ. ವಾಸ್ತುವಿನ ಆಯ ನೋಡಲು ಮನೆಯ ಉದ್ದ ಅಗಲ ಗುಣಿಸಿ, ಬಂದದ್ದನ್ನು ಒಂಬತ್ತರಿಂದ ಗುಣಿಸಿ, ಎಂಟರಿಂದ ಭಾಗಿಸಬೇಕು. ಒಂದು ಉಳಿದರೆ ಧ್ವಜಾಯ, ಮೂರು ಸಿಂಹಾಯ, ಐದು ವೃಷಭಾಯ, ಏಳು ಗಜಾಯ; ಇವು ಶುಭ. ಸರಿಸಂಖ್ಯೆ ಉಳಿದರೂ ಏನೂ ಉಳಿಯದಿದ್ದರೂ ಅಶುಭ. ಎಲ್ಲರಿಗೂ ಬೇಕಾದ 30×40ರ ಅಳತೆ 1,200. ಎಂಟರಿಂದ ನಿಶ್ಶೇಷ, ಅಂದರೆ ಕಾಕಾಯ. ಆದ್ದರಿಂದ ಕಟ್ಟಡವನ್ನು 27×33ಕ್ಕೆ ಇಳಿಸಿ ಸಿಂಹವನ್ನು ಕರೆತರಬೇಕು, ಅಷ್ಟರಲ್ಲಿ ಅಡುಗೆಮನೆ ಬಾಗಿಲು ಫ್ರಿಜ್ಜಿಗೆ ತಾಗುತ್ತದೆ. ಇಲ್ಲಿ ನನ್ನದೊಂದು ಸಂಶೋಧನೆ: ಒಂಬತ್ತನ್ನು ಎಂಟರಿಂದ ಭಾಗಿಸಿದರೆ ಉಳಿಯುವುದು ಒಂದು. ಹಾಗಾಗಿ ಒಂಬತ್ತರಿಂದ ಗುಣಿಸಿದರೂ ಬಿಟ್ಟರೂ ಶೇಷ ಬದಲಾಗುವುದೇ ಇಲ್ಲ. ಒಂದು ಇಡೀ ಗುಣಾಕಾರ ಉಳಿತಾಯ! ಇದನ್ನು ವಿವರಿಸಿದ ದಿನವೇ ಒಬ್ಬ ಗಿರಾಕಿ ಪಕ್ಕದಂಗಡಿಗೆ ಹೋದರು.

ಮೂರನೆಯದು ಆಣೆಜನ್ಯ. ತಂತ್ರಾಂಶ ದಶಮಾಂಶದ ಎಂಟು ಸ್ಥಾನದವರೆಗೆ ಅಳತೆ ತೋರಿಸಬಲ್ಲದು. ಗಿರಾಕಿ ತರುವ ಹಳೇ ಸರ್ವೆ ಟಿಪ್ಪಣಿಯ ಅಳತೆ ಮಾತ್ರ ಸರಪಳಿ, ಆಣೆಗಳಲ್ಲಿ. ಸರಪಳಿ 33 ಅಡಿ, ಅದಕ್ಕೆ 16 ಆಣೆ, ಒಂದು ಆಣೆಗೆ 24.75 ಅಂಗುಲ. ಸರಪಳಿಯನ್ನು ಸರಪಳಿಯಿಂದ ಗುಣಿಸಿದರೆ 1,089 ಚದರಡಿ, ಒಂದು ಗುಂಟೆ. ಅಳೆದವರು ಆಣೆಗೆ ಸರಿಮಾಡಿ ಬರೆದುಕೊಂಡ ಕಡೆ ಅಣ್ಣತಮ್ಮಂದಿರ ನಡುವೆ ಎರಡಡಿ ಜಗಳ ನಿಂತಿರುತ್ತದೆ. ಅದನ್ನು ನಾನು ಎಂಟು ದಶಮಾಂಶದ ನಿಖರತೆಯಲ್ಲಿ ತಪ್ಪಾಗಿ ಎಳೆದುಕೊಡುತ್ತೇನೆ.

ನಾಲ್ಕನೆಯದು... ಸಪ್ತವಿಧ ಎಂದದ್ದು ಶಾಸ್ತ್ರಕ್ಕೆ ಏಳು ಒಪ್ಪುತ್ತದೆಂದು. ಉಳಿದ ನಾಲ್ಕನ್ನು ಕಟ್ಟುವ ಹುಮ್ಮಸ್ಸು ನನಗಿಲ್ಲ. ಗಂಟೆಯಲ್ಲಿ ಮುಗಿಸಿದ ನಕ್ಷೆ ಒಂದು ಸಹಿಗಾಗಿ ಎರಡು ತಿಂಗಳು ಮೇಜಿನ ಮೇಲೆ ಮಲಗಿದ್ದನ್ನು ಯಾವ ವಿಧಕ್ಕೆ ಸೇರಿಸಲಿ? ಟ್ರೇಸಿಂಗ್ ಹಾಳೆಯ ಮೇಲೆ ಇಂಕ್ ಪೆನ್ನಿನಲ್ಲಿ ಎಳೆಯುತ್ತಿದ್ದ ನನ್ನ ಗುರುಗಳು ಎರಡು ದಿನದ ಕೆಲಸಕ್ಕೆ ಎರಡು ದಿನದ ಕೂಲಿ ಕೇಳುತ್ತಿದ್ದರು. ನಾನು ಅರ್ಧ ದಿನದಲ್ಲಿ ಮುಗಿಸುತ್ತೇನೆ, ಅರ್ಧ ದಿನದ್ದೇ ಸಿಗುತ್ತದೆ. ಮಿಕ್ಕ ಒಂದೂವರೆ ದಿನ ಯಾರ ಮನೆಗೆ ಹೋಯಿತು? ಅದರ ಸ್ಲೈಡು ತರಬೇತಿಯಲ್ಲಿರಲಿಲ್ಲ.

ನಿಜವಾಗಿಯೂ ವೇಗ ಬಂದದ್ದು ಎಲ್ಲಿ ಅಂದರೆ ‘ಅರೇ’ ಎಂಬ ಆಜ್ಞೆಯಲ್ಲಿ. ಒಂದು ಸೈಟು ಎಳೆದು, ಅಡ್ಡ ಸಾಲು ಆರು, ಉದ್ದ ಸಾಲು ಹನ್ನೆರಡು ಎಂದರೆ ಎಪ್ಪತ್ತೆರಡು ಸೈಟು ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದು ನಿಲ್ಲುತ್ತವೆ. ಹೊಸಕೋಟೆ ಕಡೆಯ ಮೂರೂವರೆ ಎಕರೆ ರಾಗಿ ಹೊಲವನ್ನು ನಾನು ಹೀಗೆ ನಲವತ್ತು ನಿಮಿಷದಲ್ಲಿ ಮುಗಿಸಿದ್ದೇನೆ. ಮೂಲೆಯಲ್ಲೊಂದು ನೀರಿನ ಕುಂಟೆ ಇತ್ತು. ‘ಅಳಿಸೋದು ಬೇಡ, ಆ ಲೇಯರ್ ಆಫ್ ಮಾಡಿ ಸಾಕು’ ಎಂದರು ಬಡಾವಣೆ ಮಾಡುವವರು. ಮಾಡಿದೆ. ಒಂದೇ ಕ್ಲಿಕ್. ಎಡಗೈ ಕೂಡ ಬೇಕಾಗಲಿಲ್ಲ.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಹಳ್ಳಿಗಳ 1,777 ಎಕರೆಯನ್ನು ಏರೋಸ್ಪೇಸ್ ಪಾರ್ಕಿಗೆಂದು ಗುರುತು ಮಾಡಿದ್ದರು. ಪರದೆಯ ಮೇಲೆ ಅದು ಒಂದು ಪಾಲಿಲೈನ್, ಒಂದು ಹ್ಯಾಚ್. ನನ್ನಂಥವನಿಗೆ ಒಂದು ಮಧ್ಯಾಹ್ನದ ಕೆಲಸ. ಅದರ ಮೇಲೆ ‘ಅನ್‌ಡೂ’ ಒತ್ತಿಸಲು ಅಲ್ಲಿನ ರೈತರು 2022ರ ಏಪ್ರಿಲಿನಿಂದ ಮೂರು ವರ್ಷಕ್ಕೂ ಮೇಲೆ ಧರಣಿ ಕೂರಬೇಕಾಯಿತು. 2025ರ ಜುಲೈ 15ರಂದು ಮುಖ್ಯಮಂತ್ರಿ ಸ್ವಾಧೀನ ಕೈಬಿಟ್ಟೆವೆಂದರು. ಗುರುತು ಹಾಕಲು ಎಷ್ಟು ಹೊತ್ತು, ಅಳಿಸಲು ಎಷ್ಟು ಹೊತ್ತು ಎಂಬ ಲೆಕ್ಕ ಯಾವ ತರಬೇತಿಯಲ್ಲೂ ಬರುವುದಿಲ್ಲ.

ನಮ್ಮ ಕಡೆ ಸೈಟು ಕೊಳ್ಳಲು ಬರುವವರಲ್ಲಿ ಒಂದು ಕೋರಿಕೆ. ಬಣ್ಣದ ಪ್ರಿಂಟ್ ನೋಡಿ ಅಡ್ವಾನ್ಸ್ ಕೊಡಬೇಡಿ. ಆಫ್ ಮಾಡಿದ ಲೇಯರ್ ಪ್ರಿಂಟಿನಲ್ಲಿ ಬರುವುದಿಲ್ಲ. ಹಳೇ ಗ್ರಾಮನಕ್ಷೆ ತೆಗೆಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ಕುಂಟೆ, ಹಳ್ಳ ಎಲ್ಲಿದ್ದವೆಂದು ನೋಡಿ. ಗೊತ್ತಾಗದಿದ್ದರೆ ನನ್ನಂಗಡಿಗೆ ತನ್ನಿ. ನಿಧಾನವಾಗಿ ನೋಡಿ ಹೇಳುತ್ತೇನೆ, ದುಡ್ಡು ಬೇಡ.